ಉಳುವವನಿಗೆ ಹೊಲ ಸಿಕ್ಕಿತು, ಹಣ್ಣು ಕೊಯ್ಯುವವಳಿಗೆ?

ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಐವತ್ತು ವರ್ಷ ದಾಟಿತು. ಈ ಸಂಚಿಕೆಯ ಓದುಗರಲ್ಲಿ ಅನೇಕರ ಮನೆಗಳಲ್ಲಿ ಆ ಕಾಯಿದೆಯ ನೆನಪು ಎರಡು ಬಗೆಯಲ್ಲಿ ಉಳಿದಿದೆ. "ನಮ್ಮ ಭೂಮಿ ಡಿಕ್ಲರೇಶನ್ನಿನಲ್ಲಿ ಹೋಯಿತು" ಎನ್ನುವವರು ಕೆಲವರು. "ನಮಗೆ ಡಿಕ್ಲರೇಶನ್ನಿನಲ್ಲಿ ಭೂಮಿ ಬಂತು" ಎನ್ನುವವರು ಇನ್ನು ಕೆಲವರು. ಗ್ಲೆನ್ ವೇವರ್ಲಿಯ ನಮ್ಮ ಹಿರಿಯರ ಕೂಟದಲ್ಲಿ ಈ ಎರಡೂ ಪಂಗಡದವರು ಒಂದೇ ಮೇಜಿನ ಸುತ್ತ ಕುಳಿತು ಕಾಫಿ ಕುಡಿಯುತ್ತಾರೆ. ಮಾತು ಆ ಕಡೆ ತಿರುಗಿದರೆ ಮಾತ್ರ ಸ್ವಲ್ಪ ಬಿಸಿಯೇರುತ್ತದೆ.

ನಾನು ಎರಡನೆಯ ಪಂಗಡದವನು. ನಮ್ಮದು ಸುಳ್ಯ ತಾಲೂಕಿನ ಚಾಲಗೇಣಿ ಒಕ್ಕಲಿನ ಮನೆ. ತಂದೆಯವರು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಗದ್ದೆಯೂ ಅಡಿಕೆ ತೋಟವೂ ನಮ್ಮ ಹೆಸರಿಗೆ ಬಂದವು. ಆ ಅಡಿಕೆಯ ದುಡ್ಡಿನಲ್ಲಿ ನಾನು ಎಂ.ಬಿ.ಬಿ.ಎಸ್. ಓದಿದೆ. ಆದ್ದರಿಂದ ಈ ಕಾಯಿದೆಯ ಬಗ್ಗೆ ನನಗಿರುವುದು ಕೃತಜ್ಞತೆ. ಆದರೆ ವೈದ್ಯನಾಗಿ 1980ರ ದಶಕದಲ್ಲಿ ಕೊಡಗಿನ ಕಾಫಿ ತೋಟಗಳ ನಡುವೆ ಕೆಲಸ ಮಾಡಿದಾಗ ಮೂರನೆಯ ಒಂದು ಪಂಗಡವನ್ನು ಕಂಡೆ. ಅವರ ಭೂಮಿ ಹೋಗಲಿಲ್ಲ, ಅವರಿಗೆ ಭೂಮಿ ಬರಲೂ ಇಲ್ಲ. ಏಕೆ ಬರಲಿಲ್ಲ ಎಂಬುದೇ ಈ ಲೇಖನದ ವಿಷಯ. ನಾನು ಇತಿಹಾಸಕಾರನಲ್ಲ, ವಕೀಲನೂ ಅಲ್ಲ. ನಿವೃತ್ತಿಯ ನಂತರದ ಓದು ಮತ್ತು ಹಿಂದೆ ಕಣ್ಣಾರೆ ಕಂಡದ್ದು, ಇವೆರಡನ್ನೂ ಜೋಡಿಸಿ ಬರೆದಿದ್ದೇನೆ.

ಗೇಣಿದಾರ ಬೇರೆ, ಕೂಲಿಯಾಳು ಬೇರೆ

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಧಣಿಯ ಭೂಮಿಯಲ್ಲಿ ದುಡಿಯುವವರಲ್ಲಿ ಎರಡು ಬಗೆ. ಗೇಣಿದಾರನು ಭೂಮಿಯನ್ನು ವಹಿಸಿಕೊಂಡು, ತನ್ನ ಎತ್ತು, ತನ್ನ ಬೀಜ ಹಾಕಿ ಬೆಳೆದು, ಫಸಲಿನ ಒಂದು ಪಾಲನ್ನು ಅಳೆದು ಕೊಡುವವನು. ಕೂಲಿಯಾಳು ಹೇಳಿದ ಕೆಲಸ ಮಾಡಿ ದಿನದ ಕೂಲಿ ಪಡೆಯುವವನು. ದಕ್ಷಿಣ ಕನ್ನಡದಲ್ಲಿ ಗೇಣಿಯಲ್ಲೂ ಮೆಟ್ಟಿಲುಗಳಿದ್ದವು. ಮೂಲಗೇಣಿಯವನಿಗೆ ಶಾಶ್ವತ ಹಕ್ಕು. ಚಾಲಗೇಣಿಯವನನ್ನು ಧಣಿ ಬಯಸಿದಾಗ ಎಬ್ಬಿಸಬಹುದಿತ್ತು. ಧಣಿಗಳಲ್ಲಿ ಬ್ರಾಹ್ಮಣರು, ಜೈನರು, ಬಂಟರು ಹೆಚ್ಚು. ಗೇಣಿದಾರರಲ್ಲಿ ಬಿಲ್ಲವರು, ಗೌಡರು, ಕ್ರೈಸ್ತರು, ಸಣ್ಣ ಹಿಡುವಳಿಯ ಬಂಟರೂ ಇದ್ದರು. ಎಲ್ಲಕ್ಕಿಂತ ಕೆಳಗೆ, ಗೇಣಿಗೂ ಭೂಮಿ ಸಿಗದ ದಲಿತ ಮೂಲದಾಳುಗಳು.

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಚೋಮನಿಗೆ ಎತ್ತುಗಳಿದ್ದವು, ದುಡಿಯುವ ತೋಳಿತ್ತು. ಬೇಸಾಯಕ್ಕೆ ಗೇಣಿ ಭೂಮಿ ಮಾತ್ರ ಸಿಗಲಿಲ್ಲ, ಏಕೆಂದರೆ ಅವನ ಜಾತಿ ಅಡ್ಡ ಬಂತು. ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರ ಹಿಡಿದು ಮರಳಿ ಬಂದು ಸಾಯುತ್ತಾನೆ. ಗೇಣಿ, ಕೂಲಿ, ಸಾಲ, ತೋಟ, ಮಲೇರಿಯಾ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು ಎಂಬುದನ್ನು ಆ ಕಾದಂಬರಿಯಷ್ಟು ಚೆನ್ನಾಗಿ ತಿಳಿಸಿದ ವರದಿಯನ್ನು ನಾನು ಓದಿಲ್ಲ.

ಗೇಣಿದಾರರ ಹೋರಾಟದಲ್ಲಿ ಹೆಸರಾದದ್ದು ಸಾಗರ ತಾಲೂಕಿನ ಕಾಗೋಡು. 1951ರಲ್ಲಿ ಅಲ್ಲಿಯ ದೀವರ ಗೇಣಿದಾರರು, ಗೇಣಿ ಅಳೆಯುವ ಕೊಳಗದ ಅಳತೆಯನ್ನು ಪ್ರಶ್ನಿಸಿದರು. ಧಣಿಗಳು ಲಿಂಗಾಯತರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಸಮಾಜವಾದಿ ಪಕ್ಷ ಬೆಂಬಲವಾಗಿ ನಿಂತಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯ ಜಗಳವಾಗಿ ಶುರುವಾದದ್ದು ಒಡೆತನದ ಪ್ರಶ್ನೆಯಾಯಿತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಮಲೆನಾಡಿನ ಮನೆಮಾತಾಯಿತು.

ಇದಕ್ಕೆ ಕಾನೂನಿನ ಬಲ ಬಂದದ್ದು ದೇವರಾಜ ಅರಸರ ಕಾಲದಲ್ಲಿ. 1961ರ ಮೂಲ ಕಾಯಿದೆ 1965ರಲ್ಲಿ ಜಾರಿಯಾಗಿದ್ದರೂ ಅದರಲ್ಲಿ ನುಸುಳಲು ದಾರಿಗಳು ಬಹಳ ಇದ್ದವು. 1974ರ ತಿದ್ದುಪಡಿ ಅವನ್ನು ಮುಚ್ಚಿತು. ಆ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಅರ್ಜಿ ಹಾಕಿ ಅದರ ಅಧಿಭೋಗದಾರನಾಗಬೇಕಿತ್ತು. ತೀರ್ಮಾನಿಸಲು ತಾಲೂಕಿಗೊಂದು ಭೂನ್ಯಾಯಮಂಡಳಿ. ಅದರಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಓದುಬರಹ ಬಾರದ ಒಕ್ಕಲು ಧಣಿಯ ಎದುರು ನಿಂತು ತಾನೇ ಮಾತಾಡುವಂತಾದದ್ದು ಈ ಒಂದು ನಿಯಮದಿಂದ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದವು. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಅದು ತಂದ ಬದಲಾವಣೆಯನ್ನು ಅಲ್ಲಿ ಹುಟ್ಟಿದ ಯಾರೂ ಅಲ್ಲಗಳೆಯಲಾರರು.

ಆದರೆ ಅರ್ಜಿ ಹಾಕಲು ಮೊದಲು ಗೇಣಿದಾರನಾಗಿರಬೇಕಿತ್ತು. ಚೋಮನಂಥವರು ಯಾವ ಫಾರಂ ತುಂಬಬೇಕಿತ್ತು?

ತೋಟಗಳು ಹೊರಗುಳಿದದ್ದು ಹೇಗೆ

ಕಾಯಿದೆ ಕೂಲಿಯಾಳುಗಳನ್ನು ಪೂರ್ತಿ ಮರೆತಿರಲಿಲ್ಲ. ಅದರ 38ನೇ ಕಲಂ, ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡು ವಾಸಿಸುವ ಕೃಷಿ ಕಾರ್ಮಿಕನಿಗೆ ಆ ಮನೆ ಮತ್ತು ನಿವೇಶನದ ಹಕ್ಕನ್ನು ಕೊಡುವ ದಾರಿಯನ್ನು ತೆರೆದಿತ್ತು. ಹೊಲ ಸಿಗದಿದ್ದರೂ ತಲೆಯ ಮೇಲಿನ ಸೂರು ತನ್ನದಾಗಲಿ ಎಂಬ ಯೋಚನೆ ಅದು.

ಈಗ ಅದೇ ಕಾಯಿದೆಯ 104ನೇ ಕಲಮಿಗೆ ಬನ್ನಿ. ಅದು ಪ್ಲಾಂಟೇಶನ್‌ಗಳಿಗೆ ಕೊಟ್ಟ ವಿನಾಯಿತಿ. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸು ಬೆಳೆಯುವ ತೋಟಗಳಿಗೆ ಭೂಮಿತಿ ಅನ್ವಯಿಸುವುದಿಲ್ಲ. ಒಣಭೂಮಿಯಾದರೆ ಐದು ಜನರ ಕುಟುಂಬಕ್ಕೆ 54 ಎಕರೆ, ನೀರಾವರಿ ಭೂಮಿಯಾದರೆ ಅದಕ್ಕಿಂತ ಬಹಳ ಕಡಿಮೆ ಎಂಬ ಮಿತಿ ಎಲ್ಲರಿಗೂ ಇತ್ತು. ಸಾವಿರ ಎಕರೆಯ ಕಾಫಿ ತೋಟಕ್ಕೆ ಇರಲಿಲ್ಲ. ಇದು ಅನೇಕರಿಗೆ ಗೊತ್ತಿರುವ ಸಂಗತಿ. ಗೊತ್ತಿಲ್ಲದಿರುವುದು ಇನ್ನೊಂದು. ವಿನಾಯಿತಿಯ ಪಟ್ಟಿಯಲ್ಲಿ ಭೂಮಿತಿಯ ಕಲಮುಗಳ ಜೊತೆಗೆ 38ನೇ ಕಲಮೂ ಇದೆ. ಅಂದರೆ ಗದ್ದೆಯ ಬದಿಯ ಗುಡಿಸಲಿನ ಆಳಿಗೆ ಸಿಗಬಹುದಾದ ಮನೆಯ ಹಕ್ಕು, ಕಾಫಿ ತೋಟದ ಲೈನ್ ಮನೆಯ ಆಳಿಗೆ ಸಿಗದು. ಅಡಿಕೆ ತೋಟಕ್ಕೆ ಈ ರಕ್ಷಣೆ ಇರಲಿಲ್ಲ. ನಮ್ಮ ಮನೆಗೆ ತೋಟ ಬಂದದ್ದು ಅದರಿಂದಲೇ. ಒಂದು ಬೆಳೆ ಪಟ್ಟಿಯ ಒಳಗೆ, ಇನ್ನೊಂದು ಹೊರಗೆ. ಎಷ್ಟೋ ಜನರ ಬದುಕು ಆ ಪಟ್ಟಿಯಿಂದ ತೀರ್ಮಾನವಾಯಿತು.

ವಿನಾಯಿತಿಗೆ ಕಾರಣಗಳೂ ಇದ್ದವು. ಕಾಫಿ ವಿದೇಶಿ ವಿನಿಮಯ ತರುವ ಬೆಳೆ. ಗಿಡ ಫಲ ಕೊಡಲು ಹಲವು ವರ್ಷ ಬೇಕು. ನೆರಳು, ಕಪಾತು, ಗೊಬ್ಬರ, ಪಲ್ಪರ್, ಕಣ ಎಲ್ಲವೂ ಒಂದೇ ಆಡಳಿತದಲ್ಲಿದ್ದರೆ ಅನುಕೂಲ. ತುಂಡು ಮಾಡಿದರೆ ಉತ್ಪಾದನೆ ಕುಸಿಯುತ್ತದೆ ಎಂಬ ವಾದ. ಇದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಇಂದು ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 25 ಎಕರೆಗಿಂತ ಸಣ್ಣವು ಎಂಬುದನ್ನು ನೋಡಿದರೆ, ಸಣ್ಣವರು ಕಾಫಿ ಬೆಳೆಯಲಾರರು ಎಂಬ ಮಾತು ನಿಲ್ಲುವುದಿಲ್ಲ. ಮೇಲಾಗಿ, ತೋಟವನ್ನು ತುಂಡು ಮಾಡದಿರುವುದಕ್ಕೂ ಆಳಿನ ಮನೆ ಆಳಿನದಾಗದಿರುವುದಕ್ಕೂ ಸಂಬಂಧವೇನು?

ಇದಕ್ಕೆ ಸಿಗುತ್ತಿದ್ದ ಉತ್ತರ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ. ತೋಟದ ಮಾಲೀಕನು ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ನೆರವು ಒದಗಿಸಬೇಕಿತ್ತು. 50 ಅಥವಾ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಬೇಕಿತ್ತು. ಒಳ್ಳೆಯ ಕಾಯಿದೆಯೇ. ಚೆನ್ನಾಗಿ ಪಾಲಿಸಿದ ತೋಟಗಳನ್ನು ನಾನು ಕಂಡಿದ್ದೇನೆ. ಆದರೆ ಅದು ಮೊದಲು 25 ಎಕರೆ ಅಥವಾ ಹೆಚ್ಚಿನ, 30 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ, 1981ರ ನಂತರ 5 ಹೆಕ್ಟೇರ್ ಮತ್ತು 15 ಕಾರ್ಮಿಕರಿರುವಲ್ಲಿಗೆ ಅನ್ವಯಿಸುತ್ತಿತ್ತು. ಅದಕ್ಕಿಂತ ಸಣ್ಣ ತೋಟದ ಆಳಿಗೆ ಆ ಸೌಲಭ್ಯವೂ ಇರಲಿಲ್ಲ, ಈ ಹಕ್ಕೂ ಇರಲಿಲ್ಲ. ಇನ್ನೊಂದು ಮಾತು: ಆ ಕಾಯಿದೆ ಕೊಡುತ್ತಿದ್ದ ಮನೆ ಕೆಲಸಕ್ಕೆ ಅಂಟಿಕೊಂಡದ್ದಾಗಿತ್ತು. ಕೆಲಸ ಇರುವವರೆಗೆ ಮನೆ.

ಯಾರು ಈ ಆಳುಗಳು

ಬಾಬಾ ಬುಡನ್‌ರು ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ವ್ಯಾಪಾರಕ್ಕಾಗಿ ದೊಡ್ಡ ತೋಟಗಳು ಎದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಯುರೋಪಿಯನ್ನರಿಂದ: ಮೊದಲು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ, 1850ರ ದಶಕದಿಂದ ಕೊಡಗಿನಲ್ಲಿ. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಜನ ಬೇಕಾಯಿತು. ಅವರನ್ನು ತರಲು ಮೇಸ್ತ್ರಿ ಪದ್ಧತಿ. ದೊರೆ ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದ. ಮೇಸ್ತ್ರಿ ಘಟ್ಟದ ಕೆಳಗಿನ ತುಳುನಾಡಿಗೋ, ಮೈಸೂರು ಸೀಮೆಗೋ, ಮಲಬಾರಿಗೋ, ತಮಿಳು ಜಿಲ್ಲೆಗಳಿಗೋ ಹೋಗಿ ಆ ಮುಂಗಡವನ್ನು ಹಂಚಿ ಆಳುಗಳ ತಂಡ ಕಟ್ಟಿ ತರುತ್ತಿದ್ದ. ಆಳು ನಡುವೆ ಓಡಿಹೋದರೆ 1859ರ ಕರಾರುಭಂಗ ಕಾಯಿದೆಯ ಪ್ರಕಾರ ಅದು ಜೈಲಿಗೆ ಹಾಕಬಹುದಾದ ಅಪರಾಧ. ಆ ಕಾಯಿದೆ ರದ್ದಾಗಲು 1920ರ ದಶಕದವರೆಗೆ ಕಾಯಬೇಕಾಯಿತು.

ಕೊಡಗಿನಲ್ಲೇ ಇದ್ದವರು ಎರವರು, ಜೇನುಕುರುಬರು. ಎರವರಿಗೆ ತಮ್ಮದೇ ಭಾಷೆಯಿದೆ. ರಾಜರ ಕಾಲದಲ್ಲಿ ಅವರಲ್ಲಿ ಬಹಳ ಮಂದಿ ಜಮ್ಮದ ಆಳುಗಳು, ಅಂದರೆ ಭೂಮಿಗೋ ಮನೆತನಕ್ಕೋ ಸೇರಿದ ಜೀತದವರು. ಬ್ರಿಟಿಷರು ಗುಲಾಮಗಿರಿ ತೆಗೆದರು. ಮುಂಗಡ ಸಾಲ ಆ ಜಾಗಕ್ಕೆ ಬಂದು ಕುಳಿತಿತು. ಮುಂದೆ ನಾಗರಹೊಳೆಯ ಕಾಡು ರಕ್ಷಿತವಾದಂತೆ ಅಲ್ಲಿಂದ ಹೊರಬಿದ್ದ ಹಾಡಿಗಳ ಜನರಲ್ಲಿ ಅನೇಕರು ಸೇರಿದ್ದು ತೋಟದ ಲೈನ್‌ಗಳಿಗೇ.

ಇದರ ಜೊತೆಗೆ ರೋಗದ ಇತಿಹಾಸವನ್ನೂ ಸೇರಿಸಬೇಕು. ಮಲೆನಾಡಿನ ಮಲೇರಿಯಾ ಎಷ್ಟು ಭೀಕರವಾಗಿತ್ತೆಂದರೆ, 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಊರುಗಳಲ್ಲಿ ಮೂಡಿಗೆರೆಯೂ ಒಂದು. ಘಟ್ಟದ ಕೆಳಗಿನವರು ಕೊಯ್ಲು ಮುಗಿಸಿ, ಮುಂಗಾರಿಗೆ ಮೊದಲು ಇಳಿದುಬಿಡುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಸಿಂಪಡಣೆ ನಡೆದ ಮೇಲೆ ವರ್ಷವಿಡೀ ತೋಟದಲ್ಲೇ ನೆಲೆಸುವುದು ಸಾಧ್ಯವಾಯಿತು. ಆದ್ದರಿಂದ, ಲೈನ್ ಮನೆ ಋತುವಿನ ತಂಗುದಾಣದಿಂದ ತಲೆಮಾರುಗಳ ಮನೆಯಾದದ್ದರಲ್ಲಿ ವೈದ್ಯಶಾಸ್ತ್ರದ ಗೆಲುವಿಗೂ ಒಂದು ಪಾಲಿದೆ ಎಂದು ನನ್ನ ಎಣಿಕೆ. ರೋಗ ಹೋಯಿತು, ಜನ ಉಳಿದರು. ಉಳಿದ ಜಾಗ ಮಾತ್ರ ಅವರದಾಗಲಿಲ್ಲ.

ಭಾಷೆ, ಜಾತಿ, ಬುಡಕಟ್ಟು ಈ ವ್ಯವಸ್ಥೆಗೆ ಅನುಕೂಲವಾಗಿಯೇ ಇದ್ದವು. ತುಳುವಿನ ಲೈನ್, ತಮಿಳಿನ ಲೈನ್, ಎರವರ ಲೈನ್ ಬೇರೆ ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರೆಬರೆ ಅರ್ಥವಾಗುತ್ತಿತ್ತು. ಕಾಗೋಡಿನಲ್ಲಿ ಗೇಣಿದಾರರೆಲ್ಲ ಒಂದೇ ಸಮುದಾಯದವರು, ಒಂದೇ ಊರಿನವರು, ಸಂಘಟನೆ ಸಾಧ್ಯವಾಯಿತು. ತೋಟದಲ್ಲಿ ಅದು ಕಷ್ಟ. ಶಾಸನಸಭೆಯಲ್ಲಿ ಇವರ ಪರವಾಗಿ ಮಾತಾಡುವ ದೊಡ್ಡ ಸಂಖ್ಯೆಯ ಜಾತಿಯೂ ಇರಲಿಲ್ಲ.

ವೈದ್ಯನ ಕಣ್ಣಿಗೆ ಕಂಡದ್ದು

ನಾನು ಕೆಲಸ ಮಾಡಿದಲ್ಲಿ ಹೊರರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೋಟದ ಲೈನ್‌ಗಳಿಂದ ಬರುವವರು. ಹೆಂಗಸರಲ್ಲಿ ರಕ್ತಹೀನತೆ, ಬರಿಗಾಲಿನಲ್ಲಿ ನಡೆಯುವುದರಿಂದ ಕೊಕ್ಕೆಹುಳು, ಒಲೆಯ ಹೊಗೆಯಿಂದ ಕೆಮ್ಮು, ಹತ್ತಡಿ ಕೋಣೆಯಲ್ಲಿ ಆರೇಳು ಜನ ಮಲಗುವುದರಿಂದ ಕ್ಷಯ. ಇವು ಪಠ್ಯಪುಸ್ತಕದ ರೋಗಗಳು, ಅವಕ್ಕೆ ಔಷಧವಿತ್ತು. ಪಠ್ಯಪುಸ್ತಕದಲ್ಲಿ ಇಲ್ಲದ್ದು ಬೇರೆ ಇತ್ತು.

ಮೂವತ್ತೈದರ ಆಸುಪಾಸಿನ ಒಬ್ಬ ಎರವ ಹೆಂಗಸು. ಕಫದಲ್ಲಿ ಕ್ಷಯದ ರೋಗಾಣು ಕಂಡಿತ್ತು. ಆಗ ಚಿಕಿತ್ಸೆ 12ರಿಂದ 18 ತಿಂಗಳು. ಮೊದಲ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ತೆಗೆದುಕೊಂಡರೆ ಒಳ್ಳೆಯದು ಎಂದೆ. ಆಕೆ ಒಪ್ಪಲಿಲ್ಲ. "ನಾನು ಹೋದ್ರೆ ಮನೆ ಬೇರೆಯವ್ರಿಗೆ ಕೊಡ್ತಾರೆ ಡಾಕ್ಟ್ರೇ" ಎಂದಳು. ಗಂಡ ತೀರಿಕೊಂಡಿದ್ದ. ಚೆಕ್‌ರೋಲಿನಲ್ಲಿ ಆಕೆಯ ಹೆಸರಿನ ಮುಂದೆ ಹಾಜರಿ ಬಿದ್ದರೆ ಮಾತ್ರ ಮನೆ. ನಾನು ತೋಟದ ರೈಟರ ಬಳಿ ಹೋಗಿ ಮಾತಾಡಿದೆ. ಅವರು ಕೆಟ್ಟವರಲ್ಲ. ಯೋಚಿಸಿ ಒಂದು ದಾರಿ ಹೇಳಿದರು: ತಾಯಿಯ ಬದಲು ಹದಿಮೂರರ ಮಗಳು ಕೆಲಸಕ್ಕೆ ಬರಲಿ. ಹಾಗೆಯೇ ಆಯಿತು. ತಾಯಿಗೆ ಕ್ಷಯ ವಾಸಿಯಾಯಿತು. ಮಗಳು ಶಾಲೆಗೆ ಮರಳಲಿಲ್ಲ.

ಇದರಲ್ಲಿ ಖಳನಾಯಕರು ಯಾರೂ ಇಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ಧಣಿ ಆಕೆಯನ್ನು ಹೊರದಬ್ಬಲಿಲ್ಲ, ರೈಟರು ದಯೆ ತೋರಿಸಿದರು, ಸರ್ಕಾರದ ಔಷಧ ಉಚಿತವಾಗಿತ್ತು. ಆದರೂ ಮನೆಯು ಕೆಲಸಕ್ಕೆ ಕಟ್ಟಿಹಾಕಿದ್ದರಿಂದ ರೋಗದ ಬೆಲೆಯನ್ನು ಒಂದು ಮಗು ತೆರಬೇಕಾಯಿತು. ಇಂಥ ಮನೆಯಲ್ಲಿರುವವರು ರೋಗ ಮುಚ್ಚಿಡುತ್ತಾರೆ, ತಡವಾಗಿ ಬರುತ್ತಾರೆ, ಬಾಣಂತನ ಮುಗಿಯುವ ಮೊದಲೇ ಕೆಲಸಕ್ಕೆ ಇಳಿಯುತ್ತಾರೆ. ಕೂಲಿ ಕಡಿಮೆಯಾದರೂ ಪಕ್ಕದ ತೋಟಕ್ಕೆ ಹೋಗಲಾರರು. ನಿವೃತ್ತಿ ಎಂಬುದು ಅವರ ಪಾಲಿಗೆ ಮನೆ ಖಾಲಿ ಮಾಡುವ ದಿನ. ಮಗನೋ ಸೊಸೆಯೋ ಅದೇ ತೋಟದಲ್ಲಿ ದುಡಿದರೆ ಮಾತ್ರ ಮುದುಕಿಗೆ ಸೂರು. ಹೀಗೆ ಕೆಲಸ ಆನುವಂಶಿಕವಾಗುತ್ತದೆ.

ಗಡಿಯಾಚೆಯ ಹತ್ತು ಸೆಂಟು

ಬೇರೆ ದಾರಿ ಇತ್ತೇ ಎಂದು ಕೇಳಿದರೆ ದೂರ ಹೋಗಬೇಕಿಲ್ಲ. ನಮ್ಮ ಊರಿನಿಂದ ಕೆಲವೇ ಮೈಲು ದಾಟಿದರೆ ಕಾಸರಗೋಡು. 1956ರವರೆಗೆ ನಾವೂ ಅವರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು. ಅದೇ ಚಾಲಗೇಣಿ, ಅದೇ ಅಡಿಕೆ, ಅದೇ ತುಳು, ಕನ್ನಡ. ರಾಜ್ಯ ಬೇರೆಯಾದ ಮೇಲೆ ಕಾಯಿದೆ ಬೇರೆಯಾಯಿತು. ಕೇರಳದ ಕಾಯಿದೆ, 1969ರ ತಿದ್ದುಪಡಿಯೊಡನೆ, 1970ರ ಜನವರಿ 1ರಿಂದ ನಡೆಯಿತು. ಅದರಲ್ಲಿ ಗೇಣಿದಾರನ ಜೊತೆಗೆ 'ಕುಡಿಕಿಡಪ್ಪುಕಾರ'ನೂ ಇದ್ದ. ಬೇರೆಯವರ ಭೂಮಿಯಲ್ಲಿ ಗುಡಿಸಲು ಹಾಕಿಕೊಂಡು ಬದುಕುವವನು ಎಂದರ್ಥ. ಅವನಿಗೆ ಪಂಚಾಯತಿ ಪ್ರದೇಶದಲ್ಲಿ ಹತ್ತು ಸೆಂಟು, ಪುರಸಭೆಯಲ್ಲಿ ಐದು, ದೊಡ್ಡ ನಗರದಲ್ಲಿ ಮೂರು ಸೆಂಟು ಜಾಗದ ಹಕ್ಕು. ಹತ್ತು ಸೆಂಟು ಎಂದರೆ ಎಕರೆಯ ಹತ್ತನೇ ಒಂದು ಭಾಗ. ಒಂದು ಮನೆ, ನಾಲ್ಕು ತೆಂಗು, ಒಂದು ಬಾವಿ. ಬೇಸಾಯಕ್ಕೆ ಸಾಲದು. ಆದರೆ ಆ ಮನೆಯಾಕೆ ನಾಳೆ ಯಾರ ಕೆಲಸಕ್ಕೆ ಹೋಗಬೇಕು, ಹೋಗಬಾರದು ಎಂಬುದನ್ನು ತಾನೇ ತೀರ್ಮಾನಿಸಬಹುದು. ಕೇರಳದ ಕೂಲಿಯ ದರಕ್ಕೂ ಈ ಹತ್ತು ಸೆಂಟಿಗೂ ನಂಟಿದೆ ಎಂದು ನಾನು ನಂಬುತ್ತೇನೆ. ಆದರೆ ಕೇರಳವೂ ದೊಡ್ಡ ಪ್ಲಾಂಟೇಶನ್‌ಗಳಿಗೆ ಭೂಮಿತಿಯಿಂದ ವಿನಾಯಿತಿ ಕೊಟ್ಟಿತೆಂಬುದನ್ನೂ ಹೇಳಲೇಬೇಕು. ಮುನ್ನಾರಿನ ಟೀ ಲೈನ್‌ಗಳಲ್ಲಿ ಅದೇ ಪ್ರಶ್ನೆ ಇಂದಿಗೂ ಉಳಿದಿದೆ.

ಸುಳ್ಯದಲ್ಲಿ ಇನ್ನೊಂದು ಅಧ್ಯಾಯವೂ ತೆರೆದುಕೊಂಡಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಪ್ರಕಾರ ಸಿಲೋನಿನ ಟೀ ತೋಟಗಳ ತಮಿಳರಲ್ಲಿ 5,25,000 ಜನರನ್ನು ಭಾರತ ಸ್ವೀಕರಿಸಬೇಕಿತ್ತು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ನೂರು ವರ್ಷ ಮೊದಲು ತೋಟಕ್ಕಾಗಿ ಸಮುದ್ರ ದಾಟಿದವರ ಮೊಮ್ಮಕ್ಕಳು ಮತ್ತೊಂದು ತೋಟದ ಕ್ವಾರ್ಟರ್ಸಿಗೆ ಬಂದಿಳಿದರು. ಅಲ್ಲಿ ಅವರು ಭಾರತೀಯ ಕೂಲಿಗಳು, ಇಲ್ಲಿ ಸಿಲೋನಿನವರು. ಜಾತಿ ಪ್ರಮಾಣಪತ್ರಕ್ಕೂ ಅವರು ದೀರ್ಘಕಾಲ ಹೋರಾಡಬೇಕಾಯಿತು.

ನಾವಿರುವ ದೇಶದಲ್ಲಿ

ಇದು ನಮ್ಮೂರಿನ ಜಾತಿಪದ್ಧತಿಯ ಫಲ ಮಾತ್ರ ಎಂದು ತಿಳಿಯುವುದು ಸುಲಭ. ಆಸ್ಟ್ರೇಲಿಯಾದ ಚರಿತ್ರೆ ಓದಿದರೆ ಹಾಗನ್ನಿಸುವುದಿಲ್ಲ.

1863ರಲ್ಲಿ ಬ್ರಿಸ್ಬೇನಿನ ಬಳಿಯ ಹತ್ತಿ ತೋಟಕ್ಕೆ 'ಡಾನ್ ಹುವಾನ್' ಎಂಬ ಹಡಗಿನಲ್ಲಿ ಪೆಸಿಫಿಕ್ ದ್ವೀಪಗಳ ಜನರನ್ನು ತರಲಾಯಿತು. ನಂತರದ ನಾಲ್ಕು ದಶಕಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಿಗಾಗಿ ಸುಮಾರು 62,000 ಕರಾರುಗಳಾದವು. ಕೆಲವರನ್ನು ಮೋಸದಿಂದ, ಕೆಲವರನ್ನು ಬಲಾತ್ಕಾರದಿಂದ ತಂದರು. ಹೊಸ ರೋಗಾಣುಗಳಿಗೆ ಪ್ರತಿರೋಧ ಶಕ್ತಿ ಇಲ್ಲದ ಈ ತರುಣರು ಬಂದ ಮೊದಲ ವರ್ಷದಲ್ಲೇ ಭೇದಿ, ನ್ಯುಮೋನಿಯಾ, ಕ್ಷಯದಿಂದ ಹೆಚ್ಚಾಗಿ ಸತ್ತರು. ಮುಂದೆ ಅಲ್ಲಿಯೂ ಒಂದು ಬಗೆಯ ಭೂಸುಧಾರಣೆ ನಡೆಯಿತು. 1893ರ ಕಾಯಿದೆಯೊಂದು ಸಹಕಾರಿ ರೀತಿಯ ಸಕ್ಕರೆ ಗಿರಣಿಗಳಿಗೆ ಸಾಲದ ನೆರವು ಕೊಟ್ಟಿತು. ದೊಡ್ಡ ತೋಟಗಳು ಒಡೆದು ಸಣ್ಣ ರೈತರ ಕೈಸೇರಿದವು. ಆ ಸಣ್ಣ ರೈತರು ಬಿಳಿಯರು. ದ್ವೀಪದವರಿಗೆ ಸಿಕ್ಕಿದ್ದು 1901ರ ಗಡೀಪಾರು ಕಾಯಿದೆ. ಕಾಡು ಕಡಿದು ಕಬ್ಬು ನೆಟ್ಟವರಲ್ಲಿ ಬಹುಪಾಲು ಜನರನ್ನು ಹಡಗು ಹತ್ತಿಸಿ ಕಳಿಸಿದರು. ಉಳಿದವರ ಸಂತತಿಯನ್ನು ಪ್ರತ್ಯೇಕ ಸಮುದಾಯವೆಂದು ಕೇಂದ್ರ ಸರ್ಕಾರ ಒಪ್ಪಿದ್ದು 1994ರಲ್ಲಿ.

ನಮಗೆ ಇನ್ನೂ ಹತ್ತಿರದ್ದು ಕೊರಾಂಡರ್ಕ್. ಹೀಲ್ಸ್‌ವಿಲ್ ಬಳಿ, ಗ್ಲೆನ್ ವೇವರ್ಲಿಯಿಂದ ಒಂದು ಗಂಟೆಯ ದಾರಿ. ಬೇಸಿಗೆಯಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಹಣ್ಣು ಕೀಳಲು ಹೋಗುವ ಯಾರಾ ಕಣಿವೆ. 1863ರಲ್ಲಿ ಕೂಲಿನ್ ಜನರು ಅಲ್ಲಿ ನೆಲೆಯೂರಿ ಬೇಸಾಯ ಮಾಡಿದರು. 1870ರ ದಶಕದಲ್ಲಿ ಬಿಯರಿಗೆ ಬೇಕಾದ ಹಾಪ್ ಬಳ್ಳಿ ಬೆಳೆದರು. 1881ರಲ್ಲಿ ಮೆಲ್ಬರ್ನಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರ ಹಾಪ್‌ಗೆ ಮೊದಲ ಬಹುಮಾನ ಬಂತು. ಲಾಭ ಬಂದಂತೆ ಆ ಭೂಮಿಯ ಮೇಲೆ ಕಣ್ಣುಗಳು ಬಿದ್ದವು. ಹಿರಿಯ ವಿಲಿಯಂ ಬರಾಕ್ ತಮ್ಮವರನ್ನು ಕರೆದುಕೊಂಡು ಮೆಲ್ಬರ್ನಿಗೆ ನಡೆದುಹೋಗಿ ಮಂತ್ರಿಗಳಿಗೆ ಅಹವಾಲು ಕೊಟ್ಟರು. 1881ರಲ್ಲಿ ವಿಚಾರಣೆಯೂ ನಡೆಯಿತು. ಆದರೆ 1886ರ ಕಾಯಿದೆ, ಮಿಶ್ರ ರಕ್ತದವರಾಗಿದ್ದು 34 ವರ್ಷಕ್ಕಿಂತ ಚಿಕ್ಕವರಾದವರು ಅಲ್ಲಿರಬಾರದೆಂದಿತು. ದುಡಿಯುವ ಕೈಗಳೇ ಹೊರಹೋದವು, ತೋಟ ಸೊರಗಿತು. 1924ರಲ್ಲಿ ಕೊರಾಂಡರ್ಕ್ ಮುಚ್ಚಿತು. ಎರಡನೆಯ ಮಹಾಯುದ್ಧದ ನಂತರ ಆ ಭೂಮಿ ಯುದ್ಧದಿಂದ ಮರಳಿದ ಸೈನಿಕರ ಪುನರ್ವಸತಿಗೆ ಹೋಯಿತು. ಒಂದು ಸಣ್ಣ ಭಾಗ ಮೂಲದವರ ಕೈಗೆ ಮರಳಿದ್ದು 1990ರ ದಶಕದ ಕೊನೆಯಲ್ಲಿ.

ಇದೇ ದೇಶದ ಇನ್ನೊಂದು ಉದಾಹರಣೆ ಬೇರೆ ಪಾಠ ಹೇಳುತ್ತದೆ. 1966ರ ಆಗಸ್ಟಿನಲ್ಲಿ ಉತ್ತರ ಪ್ರಾಂತದ ವೇವ್ ಹಿಲ್ ದನದ ಕೇಂದ್ರದಿಂದ ವಿನ್ಸೆಂಟ್ ಲಿಂಗಿಯಾರಿಯವರ ಮುಂದಾಳತ್ವದಲ್ಲಿ ಗುರಿಂಜಿ ಕೆಲಸಗಾರರು ಕುಟುಂಬ ಸಮೇತ ಹೊರನಡೆದರು. ಕೂಲಿಯ ಪ್ರಶ್ನೆಯಂತೆ ಕಂಡದ್ದು ನೆಲದ ಪ್ರಶ್ನೆಯಾಗಿತ್ತು, ಕಾಗೋಡಿನಂತೆಯೇ. 1975ರ ಆಗಸ್ಟ್ 16ರಂದು ಪ್ರಧಾನಿ ವಿಟ್ಲಮ್ ಅವರು ಲಿಂಗಿಯಾರಿಯವರ ಅಂಗೈಗೆ ಮಣ್ಣು ಸುರಿದರು. ಅದೇ ದಿನಗಳಲ್ಲಿ ಕರ್ನಾಟಕದ ಭೂನ್ಯಾಯಮಂಡಳಿಗಳಲ್ಲಿ ನಮ್ಮ ತಂದೆಯಂಥವರ ಹೆಸರು ಕೂಗುತ್ತಿದ್ದರು.

ನ್ಯೂ ಸೌತ್ ವೇಲ್ಸಿನ ವುಲ್ಗೂಲ್ಗಾ ಕೂಡ ನೋಡಬೇಕಾದ ಊರು. ಕಬ್ಬಿನ ಕೂಲಿಗಳಾಗಿ ದುಡಿದ ಸಿಖ್ಖರು ಅಲ್ಲಿ ಬಾಳೆ ತೋಟಗಳಿಗೆ ಬಂದರು. ಕಡಿದಾದ ಗುಡ್ಡದ ಜಾಗಗಳನ್ನು ಗೇಣಿಗೆ ಹಿಡಿದು, ನಂತರ ಕೊಂಡು, ಒಡೆಯರಾದರು. 1968ರಲ್ಲಿ ಗುರುದ್ವಾರ ಕಟ್ಟಿದರು. ಕೂಲಿಯಿಂದ ಒಡೆತನಕ್ಕೆ ಏರಲು ಒಂದು ಮೆಟ್ಟಿಲು ಸಿಕ್ಕರೆ ಜನ ಏರುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಈಗಿನ ಸ್ಥಿತಿ

2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಬುಡಕಟ್ಟು ಕುಟುಂಬಗಳ ಗುಡಿಸಲುಗಳನ್ನು ಅರಣ್ಯಭೂಮಿಯೆಂದು ಕೆಡವಲಾಯಿತು. ಅವರಲ್ಲಿ ಬಹಳ ಜನ ತೋಟದ ಲೈನ್ ಮನೆ ಬಿಟ್ಟು ಬಂದವರು. ಚಳಿಯಲ್ಲಿ ಮರದಡಿ ಕುಳಿತು ಅವರು ಕೇಳಿದ್ದು ಸ್ವಂತ ನಿವೇಶನ. ಮತ್ತೆ ಲೈನ್‌ಗೆ ಹೋಗೆವು ಎಂದರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಂಥ ಕಡೆ ಪುನರ್ವಸತಿ ಆಯಿತು. ಈಚೆಗೆ, ಸರ್ಕಾರಿ ಜಮೀನಿನಲ್ಲಿ ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆಯವರೆಗೆ 30 ವರ್ಷ ಗುತ್ತಿಗೆ ಕೊಡಲು ಕಂದಾಯ ಕಾಯಿದೆಗೆ ತಿದ್ದುಪಡಿಯಾಗಿದೆ. ಸಣ್ಣ ಬೆಳೆಗಾರರ ಸಂಕಟ ನನಗೆ ಗೊತ್ತು, ಗುತ್ತಿಗೆ ಬೇಡವೆನ್ನುವುದಿಲ್ಲ. ಆದರೆ ಒಂದೇ ಜಿಲ್ಲೆಯಲ್ಲಿ ಒಬ್ಬರ ಒತ್ತುವರಿ 25 ಎಕರೆಯ ಗುತ್ತಿಗೆಯಾಗಿ, ಇನ್ನೊಬ್ಬರ ಒತ್ತುವರಿ ಬುಲ್ಡೋಜರಿಗೆ ಗುರಿಯಾಗಿ ಮುಗಿಯುವುದನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಲೈನ್ ಮನೆಗಳಿಗೆ ಈಗ ಹೊಸಬರು ಬಂದಿದ್ದಾರೆ: ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನವರು. ಸ್ಥಳೀಯರಿಗೆ ಅವರ ಮೇಲೆ ಅನುಮಾನ. ಅವರಿಲ್ಲದೆ ಕೊಯ್ಲು ನಡೆಯದು. ಇಲ್ಲಿ ಮಿಲ್ಡುರಾ, ರಾಬಿನ್‌ವೇಲ್, ಶೆಪರ್ಟನ್‌ಗಳ ತೋಟಗಳಲ್ಲಿ ಟೋಂಗಾ, ವನುವಾಟು, ಟಿಮೋರಿನ ಜನ. ಪೆಸಿಫಿಕ್ ಕಾರ್ಮಿಕ ಯೋಜನೆಯ ವೀಸಾದಲ್ಲಿ ಬಂದವರು ಒಬ್ಬ ಮಾಲೀಕನಿಗೆ ಬದ್ಧರು. ವಾಸದ ಏರ್ಪಾಡು ಅವನದು, ಬಾಡಿಗೆ ಸಂಬಳದಿಂದಲೇ ಕಡಿತ. ಹೆಸರು ಬೇರೆ, ನಿಯಮ ಬೇರೆ, ಮೇಲುಸ್ತುವಾರಿ ಉತ್ತಮ. ಆದರೂ ಲೈನ್ ಮನೆಯ ತರ್ಕ ಅದರಲ್ಲಿ ಸ್ವಲ್ಪ ಉಳಿದಿದೆ. ಹಣ್ಣು ಕೀಳುವವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟರೂ ಗಂಟೆಯ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದೆಂಬ ನಿಯಮ ಬಂದದ್ದೇ 2022ರ ಏಪ್ರಿಲಿನಲ್ಲಿ.

ಏನು ಮಾಡಬಹುದು

ತೋಟಗಳನ್ನು ಒಡೆದು ಹಂಚಬೇಕೆಂಬುದು ನನ್ನ ವಾದವಲ್ಲ. ಅದರ ಲಾಭನಷ್ಟ ತೂಗಬಲ್ಲವರು ಬೇರೆ ಇದ್ದಾರೆ. ವೈದ್ಯನಾಗಿ ನಾನು ಹೇಳಬಲ್ಲದ್ದು ಇಷ್ಟೆ: ಮನೆಯನ್ನು ಕೆಲಸದಿಂದ ಬಿಡಿಸಬೇಕು. ಹಾಗೆ ಮಾಡಲು ಮಾದರಿ ನಮ್ಮಲ್ಲೇ ಇದೆ. 2017ರಲ್ಲಿ ಭೂಸುಧಾರಣಾ ಕಾಯಿದೆಗೆ 38-ಎ ಕಲಂ ಸೇರಿಸಿ, ಖಾಸಗಿ ಜಮೀನಿನಲ್ಲಿ ದಾಖಲೆಯಿಲ್ಲದೆ ಉಳಿದ ತಾಂಡಾ, ಹಟ್ಟಿಗಳ ಜನರಿಗೆ ಹಕ್ಕುಪತ್ರ ಕೊಡುವ ಏರ್ಪಾಡಾಯಿತು. 2023ರ ಜನವರಿಯಲ್ಲಿ ಕಲಬುರಗಿ ಭಾಗದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಲೈನ್ ಮನೆಯವರಿಗೆ ತೋಟದ ಅಂಚಿನಲ್ಲೋ ಹತ್ತಿರದ ಊರಿನಲ್ಲೋ ಮೂರು, ಐದು ಸೆಂಟಿನ ಜಾಗ ಅವರ ಹೆಸರಿಗೆ, ಅದರಲ್ಲೂ ಮನೆಯಾಕೆಯ ಹೆಸರಿಗೆ ಆಗುವುದು ಅಸಾಧ್ಯವಲ್ಲ. ಆಳು ಸಿಗುವುದಿಲ್ಲ ಎಂದು ಕೊರಗುವ ಬೆಳೆಗಾರರಿಗೂ, ಹತ್ತಿರದಲ್ಲೇ ಸ್ವಂತ ಮನೆಯಿರುವ ಕೆಲಸಗಾರರು ಇರುವುದು ಲಾಭವೇ.

ನಮ್ಮ ಸಂಘದಲ್ಲಿ ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಮನೆತನದ ತೋಟ ಇರುವವರಿದ್ದಾರೆ. ತೋಟ ಅಣ್ಣತಮ್ಮಂದಿರ ಕೈಯಲ್ಲಿದ್ದರೂ ಪಾಲು ನಿಮ್ಮದೂ ಇರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಈ ವರ್ಷ ಚೀಲಕ್ಕೆ ಎಷ್ಟು ಬಂತು ಎಂದು ವಿಚಾರಿಸುತ್ತೀರಿ. ಅದರ ಜೊತೆಗೆ ಇನ್ನೊಂದನ್ನೂ ವಿಚಾರಿಸಿ: ಲೈನ್‌ನಲ್ಲಿರುವವರು ಎಷ್ಟು ವರ್ಷದಿಂದ ಇದ್ದಾರೆ, ಮುದುಕರಾದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ, ಅವರಲ್ಲಿ ಎಷ್ಟು ಜನರ ಹೆಸರಿನಲ್ಲಿ ಒಂದು ಸೆಂಟು ಜಾಗವಿದೆ. ಉತ್ತರ ತೋಟದ ಪುಸ್ತಕದಲ್ಲಿ ಇರುವುದಿಲ್ಲ. ಲೈನ್‌ಗೆ ನಡೆದು ಹೋಗಿ ಅವರನ್ನೇ ಕೇಳಬೇಕಾಗುತ್ತದೆ.